ವಿಜಯಪುರಕ್ಕೆ ಹೋದರೆ ಗೋಳಗುಮ್ಮಟವನ್ನು ಮರುದಿನದ ಮುಂಜಾವಿಗೆ ಇಟ್ಟುಕೊಳ್ಳಿ

ವಿಜಯಪುರಕ್ಕೆ ಹೋಗುವವರಲ್ಲಿ ಹೆಚ್ಚಿನವರು ಬಾದಾಮಿ, ಆಲಮಟ್ಟಿ, ಕೂಡಲಸಂಗಮಗಳ ಪ್ರವಾಸದ ನಡುವೆ ಎರಡು ಗಂಟೆಯ ಬಿಡುವು ಮಾಡಿಕೊಂಡು, ಗೋಳಗುಮ್ಮಟ ಹತ್ತಿ, ನಾಲ್ಕು ಸಲ ಕೂಗಿ, ಇಳಿದು ಮತ್ತೆ ಬಸ್ಸು ಹತ್ತುತ್ತಾರೆ. ನಾನು ಮೊದಲ ಸಲ ಅದನ್ನು ನೋಡಿದ್ದೂ ಹಾಗೆಯೇ, ಶಾಲೆಯ ಪ್ರವಾಸದಲ್ಲಿ. ಮುನ್ನೂರು ಮಕ್ಕಳು ಒಟ್ಟಿಗೆ ಕಿರುಚುತ್ತಿದ್ದ ಆ ಮಧ್ಯಾಹ್ನದಿಂದ ನನ್ನ ನೆನಪಿನಲ್ಲಿ ಉಳಿದದ್ದು ತಲೆನೋವೊಂದೇ. ದೊಡ್ಡವನಾದ ಮೇಲೆ ಬೇರೆ ಬೇರೆ ಕಾರಣಗಳಿಗೆ ಅದೇ ಊರಿಗೆ ಹಲವು ಸಲ ಹೋಗಿಬಂದಾಗ ತಿಳಿದದ್ದು ಏನೆಂದರೆ, ಈ ಊರಿನಲ್ಲಿ ಯಾವುದನ್ನು ಯಾವ ಹೊತ್ತಿನಲ್ಲಿ ನೋಡುತ್ತೇವೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಆದ್ದರಿಂದ ಈ ಬರಹದಲ್ಲಿ ಸ್ಥಳಗಳ ಪೂರ್ತಿ ಪಟ್ಟಿ ಸಿಗುವುದಿಲ್ಲ; ಒಂದೂವರೆ ದಿನವನ್ನು ಹೇಗೆ ಹೊಂದಿಸಿಕೊಂಡರೆ ಒಳ್ಳೆಯದು ಎಂಬುದಷ್ಟೇ ಇಲ್ಲಿದೆ.

ಮೊದಲು ಕಾಲದ ಮಾತು. ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಲೇಸು. ಮಾರ್ಚ್ ಕಳೆದ ಮೇಲೆ ಬಿಸಿಲು ಏರುತ್ತಾ ಹೋಗಿ, ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ಕರಿಕಲ್ಲಿನ ಕಟ್ಟಡಗಳ ಅಂಗಳದಲ್ಲಿ ಬರಿಗಾಲಿನಲ್ಲಿ ನಡೆಯಬೇಕಾಗಿ ಬಂದಾಗ ಅದರ ಅರ್ಥ ಪಾದಗಳಿಗೆ ತಿಳಿಯುತ್ತದೆ. ಚಳಿಗಾಲದಲ್ಲಿಯೂ ಎರಡು ಎಚ್ಚರಿಕೆಗಳಿವೆ. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ ನಡೆಯುವುದರಿಂದ ಆ ದಿನಗಳಲ್ಲಿ ವಸತಿಗೃಹಗಳಲ್ಲಿ ಕೋಣೆ ಸಿಗುವುದು ಕಷ್ಟ. ಡಿಸೆಂಬರ್ ಮತ್ತು ಜನವರಿ ಶಾಲಾ ಪ್ರವಾಸಗಳ ಕಾಲವೂ ಹೌದು. ಶನಿವಾರ ಭಾನುವಾರಗಳನ್ನು ಬಿಟ್ಟು ವಾರದ ನಡುವಿನ ದಿನಗಳನ್ನು ಆರಿಸಿಕೊಂಡರೆ ಗುಮ್ಮಟದೊಳಗೆ ನಿಮ್ಮ ದನಿ ನಿಮಗೆ ಕೇಳಿಸುವ ಸಾಧ್ಯತೆ ಹೆಚ್ಚು.

ಬೆಂಗಳೂರಿನಿಂದ ವಿಜಯಪುರ ಸುಮಾರು 530 ಕಿಲೋಮೀಟರ್ ದೂರದಲ್ಲಿದೆ. ರಾತ್ರಿ ಬಸ್ಸುಗಳಿವೆ, ಊರಿನ ಸ್ಮಾರಕದ ಹೆಸರನ್ನೇ ಹೊತ್ತ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ರೈಲು ಮೈಸೂರು ಮತ್ತು ಬೆಂಗಳೂರಿನ ಕಡೆಯಿಂದ ಹುಬ್ಬಳ್ಳಿ, ಗದಗ, ಬಾಗಲಕೋಟೆಗಳನ್ನು ಹಾದು ಬರುತ್ತದೆ. ಸೊಲ್ಲಾಪುರದ ಕಡೆಯಿಂದ ಬರುವವರಿಗೆ ದಾರಿ ಕೇವಲ ನೂರು ಕಿಲೋಮೀಟರಿನದು. 2014ರ ನವೆಂಬರ್ 1ರಂದು ಊರಿನ ಹೆಸರು ಅಧಿಕೃತವಾಗಿ ವಿಜಯಪುರವಾಯಿತಾದರೂ, ಊರವರ ಬಾಯಲ್ಲಿ ಬಿಜಾಪುರ ಎಂಬ ಹೆಸರು ಇನ್ನೂ ಧಾರಾಳವಾಗಿ ಓಡಾಡುತ್ತದೆ. ಎರಡರಲ್ಲಿ ಯಾವುದನ್ನು ಹೇಳಿದರೂ ಆಟೊದವರು ತಿದ್ದುವುದಿಲ್ಲ.

ರೈಲಿನಲ್ಲಿ ಬಂದವರಿಗೆ ಎದುರಾಗುವ ಮೊದಲ ಪ್ರಲೋಭನೆ ಗೋಳಗುಮ್ಮಟವೇ. ಅದು ಹಳೆಯ ಕೋಟೆಯ ಪೂರ್ವದ ಅಂಚಿನಲ್ಲಿದ್ದು, ನಿಲ್ದಾಣಕ್ಕೆ ಹತ್ತಿರವಿರುವುದರಿಂದ, ಎಲ್ಲರೂ ಚೀಲ ಹೊತ್ತುಕೊಂಡೇ ಅತ್ತ ನಡೆಯುತ್ತಾರೆ. ನೀವು ಹಾಗೆ ಮಾಡಬೇಡಿ. ನೀವು ಊರು ಸೇರಿ, ಸ್ನಾನ ತಿಂಡಿ ಮುಗಿಸುವ ಹೊತ್ತಿಗೆ ಅಲ್ಲಿ ಜನ ನೆರೆದಿರುತ್ತಾರೆ. ಆ ಕಟ್ಟಡದ ಮುಖ್ಯ ಗುಣ ಅದರೊಳಗಿನ ನಾದವಾದ್ದರಿಂದ, ಗದ್ದಲದಲ್ಲಿ ಅದನ್ನು ನೋಡುವುದು ಜಾತ್ರೆಯ ನಡುವೆ ನಿಂತು ತಂಬೂರಿ ಕೇಳಿದಂತೆ. ಅದನ್ನು ಮರುದಿನ ಬೆಳಗಿಗೆ ಇಟ್ಟುಕೊಂಡು, ಬಂದ ದಿನ ಊರಿನ ನಡುಭಾಗವನ್ನೂ ಪಶ್ಚಿಮದ ತುದಿಯನ್ನೂ ನೋಡಿ ಮುಗಿಸಿ.

ಬೆಳಗಿನ ಹೊತ್ತು ಜಾಮಿಯಾ ಮಸೀದಿಯಿಂದ ಆರಂಭಿಸಬಹುದು. 1565ರ ರಕ್ಕಸತಂಗಡಗಿ ಯುದ್ಧದಲ್ಲಿ ವಿಜಯನಗರವನ್ನು ಸೋಲಿಸಿದ ಸುಲ್ತಾನರಲ್ಲೊಬ್ಬನಾದ, ಈ ಊರಿನಿಂದ ಆಳಿದ ಆದಿಲ್‌ಶಾಹಿ ಮನೆತನದ ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸಲು ತೊಡಗಿದ ಮಸೀದಿ ಇದು. ಒಳಗಿನ ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ 2250 ಪ್ರಾರ್ಥನಾ ಸ್ಥಳಗಳನ್ನು ಗೆರೆ ಎಳೆದು ಗುರುತಿಸಲಾಗಿದೆ. ಔರಂಗಜೇಬ ಇದನ್ನು ಮಾಡಿಸಿದನೆಂದು ಹೇಳುತ್ತಾರೆ. ಪಶ್ಚಿಮದ ಗೋಡೆಯ ಮಿಹ್ರಾಬಿನ, ಅಂದರೆ ನಮಾಜಿನ ದಿಕ್ಕು ತೋರಿಸುವ ಗೂಡಿನ, ಹೊಂಬಣ್ಣದ ಅಲಂಕಾರ ಮಹಮ್ಮದ್ ಆದಿಲ್‌ಶಾಹನ ಕಾಲದ್ದು. ಇದು ಇಂದಿಗೂ ನಮಾಜು ನಡೆಯುವ ಜಾಗವಾದ್ದರಿಂದ ಮೈತುಂಬ ಬಟ್ಟೆ ತೊಟ್ಟು ಹೋಗಬೇಕು, ಪಾದರಕ್ಷೆ ಹೊರಗೆ ಬಿಡಬೇಕು, ಶುಕ್ರವಾರದ ಮಧ್ಯಾಹ್ನವನ್ನು ತಪ್ಪಿಸಬೇಕು. ಅಲ್ಲಿಂದ ಮೆಹ್ತರ್ ಮಹಲಿಗೆ ಹೋಗುವಾಗ ಒಂದು ವಿಷಯ ನೆನಪಿರಲಿ: ಹೆಸರಿನಲ್ಲಿ ಮಹಲು ಇದ್ದರೂ ಅದೊಂದು ಎತ್ತರದ ಹೆಬ್ಬಾಗಿಲು, ಹಿಂದೆ ಇರುವುದು ಚಿಕ್ಕ ಮಸೀದಿ. ರಸ್ತೆಯಲ್ಲಿ ನಿಂತು ತಲೆ ಎತ್ತಿ ಉಪ್ಪರಿಗೆಯನ್ನು ಹೊತ್ತ ಕಲ್ಲಿನ ಚಾಚುಪೀಠಗಳನ್ನು ನೋಡಿದರೆ, ಬಡಗಿಯೊಬ್ಬ ಮರದಲ್ಲಿ ಮಾಡುವ ಕೆಲಸವನ್ನು ಅಲ್ಲಿ ಕಲ್ಲುಕುಟಿಗ ಮಾಡಿರುವುದು ಕಾಣುತ್ತದೆ. ನೋಡಲು ಹತ್ತು ನಿಮಿಷ ಸಾಕು, ಆದರೆ ಆ ಹತ್ತು ನಿಮಿಷವನ್ನು ಕೊಡಲೇಬೇಕು.

ಅರಕಿಲ್ಲೆಯ, ಅಂದರೆ ಒಳಕೋಟೆಯ, ಗಗನ ಮಹಲಿನಲ್ಲಿ ಉಳಿದಿರುವುದು ಮುಖ್ಯವಾಗಿ ಮುಂಭಾಗದ ಕಮಾನುಗಳು. ನಡುವಿನ ಕಮಾನಿನ ಅಗಲವೇ ಸುಮಾರು 60 ಅಡಿ. ಆದಿಲ್‌ಶಾಹಿಗಳ ಕೊನೆಯ ದೊರೆ ಸಿಕಂದರ್ 1686ರಲ್ಲಿ ಔರಂಗಜೇಬನಿಗೆ ಶರಣಾಗಿ, ಬೆಳ್ಳಿಯ ಸಂಕೋಲೆಯಲ್ಲಿ ಅವನ ಮುಂದೆ ನಿಂತದ್ದು ಇಲ್ಲಿಯೇ ಎಂದು ಹೇಳಲಾಗುತ್ತದೆ. ಸಮೀಪದ ಬಾರಾಕಮಾನಿಗೆ ಹೋದರೆ ಎರಡನೆಯ ಅಲಿ ಆದಿಲ್‌ಶಾಹನ ಅಪೂರ್ಣ ಗೋರಿ ಸಿಗುತ್ತದೆ. ಅದು ಮುಗಿದಿದ್ದರೆ ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳುತ್ತಿತ್ತೆಂಬ ಕಥೆಯನ್ನು ಯಾರಾದರೂ ಖಂಡಿತ ಹೇಳುತ್ತಾರೆ, ನಂಬಬೇಕಿಲ್ಲ, ಕೇಳಿಸಿಕೊಳ್ಳಿ. ಆಕಾಶಕ್ಕೆ ತೆರೆದುಕೊಂಡು ನಿಂತ ಆ ಕರಿಯ ಕಮಾನುಗಳಿಂದ ನಮಗಾಗುವ ನಿಜವಾದ ಪ್ರಯೋಜನ ಬೇರೆಯಿದೆ: ಮುಗಿದ ಕಟ್ಟಡದಲ್ಲಿ ಗಾರೆಯ ಹಿಂದೆ ಅಡಗಿಹೋಗುವ ಕಲ್ಲಿನ ಜೋಡಣೆ ಇಲ್ಲಿ ಬೆತ್ತಲೆಯಾಗಿ ಕಾಣುತ್ತದೆ. ಮರುದಿನ ಗುಮ್ಮಟದ ಕೆಳಗೆ ನಿಂತಾಗ ಇದು ನೆನಪಿಗೆ ಬರುತ್ತದೆ.

ಹನ್ನೆರಡೂವರೆಯಿಂದ ಮೂರರವರೆಗೆ ಏನನ್ನೂ ನೋಡುವ ಸಾಹಸ ಬೇಡ. ಒಳ್ಳೆಯ ಖಾನಾವಳಿಯೊಂದನ್ನು ಕೇಳಿಕೊಂಡು ಹೋಗಿ, ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೊಸರು ಊಟ ಮಾಡಿ. ತಟ್ಟುವ ಸದ್ದು ಕೇಳಿಸುವಷ್ಟು ಹತ್ತಿರದ ಮೇಜು ಸಿಕ್ಕರೆ ರೊಟ್ಟಿ ಬಿಸಿಯಾಗಿ ಬರುತ್ತದೆ. ಕಡಕ್ ರೊಟ್ಟಿಯನ್ನು ಕಟ್ಟಿಸಿಕೊಂಡರೆ ಊರಿಗೆ ಮರಳಿದ ಮೇಲೆಯೂ ಹಲವು ದಿನ ಕೆಡದೆ ಉಳಿಯುತ್ತದೆ. ಈ ಜಿಲ್ಲೆ ದ್ರಾಕ್ಷಿಗೂ ಒಣದ್ರಾಕ್ಷಿಗೂ ಹೆಸರಾದದ್ದು. ಬೇಸಿಗೆಯ ಆರಂಭದಲ್ಲಿ ಹೋದವರು ಹಣ್ಣನ್ನು ಮಾರುಕಟ್ಟೆಯಲ್ಲೇ ಕೊಳ್ಳಬಹುದು.

ಮೂರು ಗಂಟೆಯ ನಂತರ ಆಟೊ ಅಥವಾ ಟಾಂಗಾ ಮಾಡಿಕೊಂಡು ಪಶ್ಚಿಮಕ್ಕೆ ಹೊರಡಿ. ಇಡೀ ಸಂಜೆಗೆ ಒಂದೇ ಗಾಡಿಯನ್ನು ಗೊತ್ತುಮಾಡಿ, ಹೋಗುವ ಸ್ಥಳಗಳ ಹೆಸರನ್ನೂ ಕಾಯುವ ಹೊತ್ತನ್ನೂ ಹತ್ತುವ ಮುನ್ನವೇ ಹೇಳಿ ಬಾಡಿಗೆ ಮಾತಾಡಿಕೊಳ್ಳುವುದು ಒಳ್ಳೆಯದು. ಪ್ರತಿ ಕಡೆ ಹೊಸ ಗಾಡಿ ಹುಡುಕುತ್ತಾ ಹೋದರೆ ಬೆಳಕು ಕೈತಪ್ಪುತ್ತದೆ. ದಾರಿಯಲ್ಲಿ ತಾಜ್ ಬಾವಡಿಯನ್ನು ನೋಡಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರ ಸುಮಾರಿಗೆ ಕಟ್ಟಿದ ಈ ದೊಡ್ಡ ಚೌಕದ ಬಾವಿ, ಮಳೆ ಕಡಿಮೆಯಿರುವ ಈ ನೆಲದಲ್ಲಿ ಲಕ್ಷಾಂತರ ಜನರ ರಾಜಧಾನಿಯನ್ನು ನಡೆಸುವುದು ಎಂದರೆ ಏನು ಎಂಬುದನ್ನು ಯಾವ ಫಲಕಕ್ಕಿಂತಲೂ ಚೆನ್ನಾಗಿ ಹೇಳುತ್ತದೆ. ಊರಿನಲ್ಲಿ ಅಲ್ಲಲ್ಲಿ ಕಾಣುವ ಒಂಟಿ ಗೋಪುರಗಳೂ ಇದೇ ವ್ಯವಸ್ಥೆಯವು. ದೂರದ ಕೆರೆಗಳಿಂದ ಕೊಳವೆಗಳಲ್ಲಿ ಬರುತ್ತಿದ್ದ ನೀರಿನ ಒತ್ತಡವನ್ನು ತಗ್ಗಿಸಲು ಅವುಗಳನ್ನು ನಿಲ್ಲಿಸಿದ್ದರು. ಅವುಗಳಿಗೆ ಗಂಜ್ ಎನ್ನುತ್ತಾರೆ.

ನಾಲ್ಕು ಗಂಟೆಯ ಸುಮಾರಿಗೆ ಇಬ್ರಾಹಿಂ ರೋಜಾ ತಲುಪಬೇಕು. ನನ್ನ ಮಟ್ಟಿಗೆ ಈ ಊರಿನ ಅತ್ಯಂತ ಸುಂದರ ಕಟ್ಟಡ ಇದು, ಗೋಳಗುಮ್ಮಟವಲ್ಲ. ಎತ್ತರದ ಒಂದೇ ಜಗತಿಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ಕೊಳ. 1580ರಿಂದ 1627ರವರೆಗೆ ಆಳಿದ ಇಬ್ರಾಹಿಂ ಇದನ್ನು ರಾಣಿಗಾಗಿ ಆರಂಭಿಸಿದನಾದರೂ ಕೊನೆಗೆ ತಾನೂ ಇಲ್ಲಿಯೇ ಮಲಗಿದ. ಸಂಗೀತದ ಹುಚ್ಚಿದ್ದ, ದಖನಿಯಲ್ಲಿ ಹಾಡು ಬರೆದ, ಸರಸ್ವತಿಯನ್ನೂ ಗಣಪತಿಯನ್ನೂ ಆ ಹಾಡುಗಳಲ್ಲಿ ನೆನೆದ, ಜಗದ್ಗುರು ಎಂದು ಕರೆಸಿಕೊಂಡ ದೊರೆ ಅವನು. ಕಟ್ಟಡದ ಹೊಣೆ ಹೊತ್ತವನು ಮಲಿಕ್ ಸಂದಲ್ ಎಂದು ಅಲ್ಲಿನ ಶಾಸನದಿಂದ ತಿಳಿಯುತ್ತದೆ.

ಇಳಿಹೊತ್ತೇ ಏಕೆ ಎಂದರೆ, ಗೋರಿಯ ಸುತ್ತ ಆಳವಾದ ಮೊಗಸಾಲೆಯಿದೆ. ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಒಳಗೋಡೆ ಮಬ್ಬಿನಲ್ಲಿ ಮುಳುಗಿರುತ್ತದೆ, ಅಂಗಳದ ಬೆಳಕು ಕಣ್ಣು ಕುಕ್ಕುತ್ತದೆ, ಕೆತ್ತನೆ ಕಾಣುವುದೇ ಇಲ್ಲ. ಸೂರ್ಯ ಪಶ್ಚಿಮಕ್ಕೆ ವಾಲಿದಾಗ ಕಿರಣಗಳು ಕಮಾನುಗಳ ಕೆಳಗಿನಿಂದ ಓರೆಯಾಗಿ ಒಳನುಗ್ಗಿ, ಗೋಡೆಯ ಮೇಲೆ ಕೂದಲೆಳೆಯಷ್ಟೇ ಉಬ್ಬಿರುವ ಅಕ್ಷರಗಳಿಗೂ ಬಳ್ಳಿಗಳಿಗೂ ನೆರಳು ಕೊಡುತ್ತವೆ. ಆದರೆ ತೀರ ತಡಮಾಡಿದರೆ ಎದುರಿನ ಮಸೀದಿಯ ನೆರಳೇ ಗೋರಿಯನ್ನು ಮುಚ್ಚುತ್ತದೆ. ಇಲ್ಲಿ ಗಮನವಿಟ್ಟು ನೋಡಬೇಕಾದವು ಮೂರು. ಕಿಟಕಿಗಳ ಕಲ್ಲಿನ ಜಾಲರಿಯನ್ನು ಹೊರಗಿನಿಂದ ನೋಡಿದರೆ ಬರೀ ಜಾಲರಿ; ಒಳಗೆ ಹೋಗಿ ಬೆಳಕಿನ ಕಡೆಗೆ ಮುಖಮಾಡಿ ನಿಂತರೆ, ತೂತುಗಳ ನಡುವೆ ಉಳಿದ ಕಲ್ಲೇ ಅರಬ್ಬೀ ಅಕ್ಷರಗಳಾಗಿರುವುದು ತಿಳಿಯುತ್ತದೆ. ಗೋರಿಯ ಕೋಣೆಯ ಚಾವಣಿ ಸಪಾಟಾಗಿದೆ. ಸುಮಾರು 40 ಅಡಿ ಚೌಕದ ಕೋಣೆಗೆ ನಡುವೆ ಕಂಬವಿಲ್ಲದೆ, ತೊಲೆಯೂ ಕಾಣದೆ, ಚಪ್ಪಡಿಗಳು ಅಂಚಿಗೆ ಅಂಚು ಸೇರಿ ನಿಂತಿವೆ. ಇನ್ನು ಮಸೀದಿಯ ಚಜ್ಜದ ಕೆಳಗೆ ತೂಗುವ ಕಲ್ಲಿನ ಸರಪಳಿಗಳ ಕೊಂಡಿಗಳನ್ನು ಒಂದೊಂದಾಗಿ ಮಾಡಿ ಜೋಡಿಸಿದ್ದಲ್ಲ, ಒಂದೇ ಕಲ್ಲಿನಲ್ಲಿ ಕಡೆದದ್ದು. ಕ್ಯಾಮೆರಾದಲ್ಲಿ ದೂರದಿಂದ ಎಳೆದು ನೋಡಿದರೆ ಕೊಂಡಿಯೊಳಗೆ ಕೊಂಡಿ ಬಿಡಿಯಾಗಿರುವುದು ಸ್ಪಷ್ಟವಾಗುತ್ತದೆ.

ಮರಳುವಾಗ ಕೋಟೆಯ ಪಶ್ಚಿಮದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಿ. ಊರವರು ಅದನ್ನು ಮುಲ್ಕ್ ಮೈದಾನ್ ಎನ್ನುತ್ತಾರೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ಕಂಚಿನ ತೋಪನ್ನು 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ತಂದರು. ಬಾಯಿಯ ಭಾಗದಲ್ಲಿ ತೆರೆದ ದವಡೆಯ ಮೃಗವಿದೆ; ಹತ್ತಿರ ಹೋಗಿ ಹಲ್ಲುಗಳ ನಡುವೆ ನೋಡಿದರೆ ಪುಟ್ಟ ಆನೆಯೊಂದು ಸಿಕ್ಕಿಕೊಂಡಿರುವುದು ಕಾಣುತ್ತದೆ, ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಊರನ್ನು ಗೆದ್ದ ಔರಂಗಜೇಬ ತೋಪಿನ ಮೇಲೆಯೂ ತನ್ನ ಬರಹವನ್ನು ಕೆತ್ತಿಸಿದ. 1854ರಲ್ಲಿ ಬ್ರಿಟಿಷ್ ಆಡಳಿತ ಇದನ್ನು ಬೇಡವಾದ ಸರಕೆಂದು ಹರಾಜಿಗಿಟ್ಟಾಗ ಬಂದ ದೊಡ್ಡ ಕೂಗು ಕೇವಲ 150 ರೂಪಾಯಿ. ಪುಣ್ಯಕ್ಕೆ ಆ ಮಾರಾಟ ರದ್ದಾಯಿತು.

ಸೂರ್ಯ ಮುಳುಗುವ ಮುನ್ನ ಉಪ್ಪಲಿ ಬುರುಜನ್ನು ಹತ್ತಿ. 1584ರ ಸುಮಾರಿಗೆ ಹೈದರ್ ಖಾನ್ ಕಟ್ಟಿಸಿದ, 80 ಅಡಿಯಷ್ಟು ಎತ್ತರದ ಈ ಕಾವಲು ಗೋಪುರದ ಹೊರಮೈಗೆ ಮೆಟ್ಟಿಲುಗಳು ಸುತ್ತಿಕೊಂಡಿವೆ. ತಲೆ ಸುತ್ತುವವರೂ ಚಿಕ್ಕ ಮಕ್ಕಳಿರುವವರೂ ಗೋಡೆಯ ಬದಿಗೇ ನಡೆಯಲಿ. ಮೇಲೆ ಎರಡು ಉದ್ದನೆಯ ತೋಪುಗಳಿವೆ, ಆದರೆ ನಾನು ಹತ್ತಲು ಹೇಳುವುದು ಅವುಗಳಿಗಾಗಿ ಅಲ್ಲ. ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು ಪೂರ್ವಕ್ಕೆ ತಿರುಗಿ ನಿಂತರೆ, ಮನೆಗಳ ಮಾಳಿಗೆ, ಬೇವಿನ ಮರ, ಮಸೀದಿಯ ಗುಮ್ಮಟಗಳನ್ನೆಲ್ಲ ದಾಟಿ ದೂರದಲ್ಲಿ ಗೋಳಗುಮ್ಮಟ ಸಂಜೆಯ ಬಿಸಿಲಿಗೆ ಕೆಂಪೇರಿ ಕೂತಿರುತ್ತದೆ. ಅದರ ಗಾತ್ರ ಹತ್ತಿರದಿಂದ ಎಂದೂ ತಿಳಿಯುವುದಿಲ್ಲ, ಇಲ್ಲಿಂದ ತಿಳಿಯುತ್ತದೆ.

ಮರುದಿನ ಬೇಗ ಏಳಿ. ಗೋಳಗುಮ್ಮಟದ ಆವರಣ ಬೆಳಿಗ್ಗೆ ಆರರ ಸುಮಾರಿಗೆ ತೆರೆಯುತ್ತದೆ, ಆ ಹೊತ್ತಿಗೆ ಬಾಗಿಲಲ್ಲಿರಬೇಕು. ಕೈಯಲ್ಲಿ ನೀರು, ಟಾರ್ಚ್ ಇರುವ ಫೋನು ಸಾಕು, ಭಾರದ ಚೀಲ ಬೇಡ. ಒಳಹೊಕ್ಕವರೆಲ್ಲ ನೇರವಾಗಿ ಮೆಟ್ಟಿಲಿನ ಕಡೆಗೆ ಓಡುತ್ತಾರೆ. ನೀವು ಮೊದಲು ನೆಲದ ಮೇಲೆಯೇ ಐದು ನಿಮಿಷ ನಿಲ್ಲಿ. ನಡುವಿನ ಜಗತಿಯ ಮೇಲೆ 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹನದೂ ಅವನ ರಾಣಿಯರದೂ ಮಗಳು ಮೊಮ್ಮಗನದೂ ಗೋರಿಗಳಿವೆ. ಆಸ್ಥಾನದ ನರ್ತಕಿ ರಂಭೆಯದೂ ಅವುಗಳ ನಡುವೆಯೇ ಇದೆ. ನಾವು ಕಾಣುವುದು ಗುರುತಿನ ಕಲ್ಲುಗಳು, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ.

ಈಗ ತಲೆ ಎತ್ತಿ. ಒಂದೊಂದು ಬದಿಯೂ 135 ಅಡಿಯಿರುವ ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟವನ್ನು ಕೂರಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಕಾಣುತ್ತದೆ. ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟರೆ ಎಂಟು ಮೂಲೆಗಳ ನಕ್ಷತ್ರವಾಗುವುದಿಲ್ಲವೇ, ಹಾಗೆಯೇ ಎಂಟು ಕಮಾನುಗಳು ಪರಸ್ಪರ ಹಾಯ್ದು, ಮೇಲೆ ಹೋಗುತ್ತಾ ಒಳಕ್ಕೆ ಬಾಗಿ, ಚೌಕವನ್ನು ಅಷ್ಟಕೋನವಾಗಿಸಿ, ಅದರ ಮೇಲೆ ವೃತ್ತವನ್ನು ಹೊತ್ತಿವೆ. ಗುಮ್ಮಟ ತನ್ನ ಭಾರದಿಂದ ಹೊರಕ್ಕೆ ತಳ್ಳುತ್ತದೆ. ಒಳಕ್ಕೆ ಚಾಚಿದ ಈ ಕಲ್ಲಿನ ಭಾರ ಅದನ್ನು ಒಳಕ್ಕೆ ಎಳೆದು ಸರಿದೂಗಿಸುತ್ತದೆ. ಹಾಗಾಗಿ ನಡುವೆ ಒಂದು ಕಂಬವೂ ಬೇಕಾಗಲಿಲ್ಲ. ಮಾರ್ಗದರ್ಶಿಗಳು ಗುಮ್ಮಟದ ವ್ಯಾಸ 144 ಅಡಿ ಎನ್ನುತ್ತಾರೆ. ಅದು ಹೊರಗಿನ ಅಳತೆ. ಬುಡದಲ್ಲಿ ಗೋಡೆಯೇ 10 ಅಡಿ ದಪ್ಪವಿರುವುದರಿಂದ ಒಳಗಿನ ವ್ಯಾಸ ಸುಮಾರು 124 ಅಡಿ. ಜಗತ್ತಿನ ದೊಡ್ಡ ಗುಮ್ಮಟಗಳೊಂದಿಗೆ ಹೋಲಿಸುವವರು ಈ ಎರಡನ್ನೂ ಬೆರೆಸಿ ಗೊಂದಲ ಮಾಡುವುದುಂಟು.

ಮೆಟ್ಟಿಲುಗಳು ನಾಲ್ಕು ಮೂಲೆಗಳ ಎಂಟು ಮುಖದ ಗೋಪುರಗಳೊಳಗೆ ಇವೆ. ಅವು ಕಿರಿದು, ಕಡಿದು, ಅಲ್ಲಲ್ಲಿ ಕತ್ತಲು. ಏಳು ಅಂತಸ್ತುಗಳನ್ನು ಒಂದೇ ಉಸಿರಿಗೆ ಏರದೆ, ಪ್ರತಿ ಅಂತಸ್ತಿನ ಕಿಟಕಿಯ ಬಳಿ ನಿಂತು ಏರಿ. ಮಂಡಿನೋವಿರುವ ಹಿರಿಯರನ್ನು ಒತ್ತಾಯಿಸಬೇಡಿ, ಕೆಳಗಿನ ನೋಟವೂ ಕಡಿಮೆಯದಲ್ಲ. ಮೇಲೆ ಮಾಳಿಗೆಗೆ ಬಂದು, ಗುಮ್ಮಟದ ಬುಡದ ದಪ್ಪ ಗೋಡೆಯನ್ನು ಸೀಳಿಕೊಂಡು ಹೋಗುವ ಎಂಟು ಕಿರುಬಾಗಿಲುಗಳಲ್ಲಿ ಒಂದರೊಳಗೆ ಹೊಕ್ಕರೆ, ನೆಲದಿಂದ 109 ಅಡಿ ಎತ್ತರದ ಪಿಸುಮಾತಿನ ಮೊಗಸಾಲೆ.

ಅಲ್ಲಿ ಏನು ಮಾಡಬೇಕೆಂಬುದನ್ನು ಮೊದಲೇ ಮಾತಾಡಿಕೊಂಡಿರಿ, ಒಳಗೆ ಹೋದ ಮೇಲೆ ಮಾತಾಡಿದ್ದೆಲ್ಲ ಊರಿಗೇ ಕೇಳುತ್ತದೆ. ಒಬ್ಬರು ಒಂದು ಬಾಗಿಲ ಬಳಿ ಕೂರಲಿ, ಇನ್ನೊಬ್ಬರು ಬಾಗಿಲುಗಳನ್ನು ಎಣಿಸುತ್ತಾ ನಾಲ್ಕನೆಯದಕ್ಕೆ ಹೋಗಲಿ. ಅದು ಸರಿಯಾಗಿ ಎದುರು ಬದಿ. ಮುಖವನ್ನು ಗೋಡೆಗೆ ತಿರುಗಿಸಿ, ಕಿವಿಯ ಬಳಿ ಗುಟ್ಟು ಹೇಳುವಷ್ಟೇ ಮೆಲ್ಲನೆ ಮಾತಾಡಬೇಕು. ದನಿ ನಡುವಿನ ಖಾಲಿಯನ್ನು ಹಾಯದೆ, ಬಾಗಿದ ನುಣುಪು ಗೋಡೆಯನ್ನೇ ಹಿಡಿದು ಸುತ್ತಿ ಬರುವುದರಿಂದ, ಕೂಗಿದರೆ ಕಲಸಿಹೋಗುವ ಮಾತು ಪಿಸುಗುಟ್ಟಿದರೆ ಅಕ್ಷರಕ್ಷರ ಕೇಳುತ್ತದೆ. ಒಂದು ಬೆಳಿಗ್ಗೆ ನಾನು ಹೀಗೆ ಗೋಡೆಗೆ ಒರಗಿ ಕೂತಿದ್ದಾಗ ನನ್ನ ಭುಜದ ಪಕ್ಕದಲ್ಲೇ ಬಳೆಗಳ ಸದ್ದಾಯಿತು. ಗಾಬರಿಯಿಂದ ತಿರುಗಿದರೆ ಯಾರೂ ಇಲ್ಲ. ಎದುರು ಬದಿಯಲ್ಲಿ, ಆ ಅಷ್ಟು ದೂರದಲ್ಲಿ, ಮಹಿಳೆಯೊಬ್ಬರು ಮೊಣಕೈಯತ್ತ ಬಳೆ ಸರಿಸಿಕೊಂಡು ಕೈ ಒರೆಸಿಕೊಳ್ಳುತ್ತಿದ್ದರು. ಇದಾದ ಮೇಲೆ ಒಂದೇ ಒಂದು ಚಪ್ಪಾಳೆ ತಟ್ಟಿ, ಸುಮ್ಮನಿದ್ದು, ಮಾರ್ದನಿಯನ್ನು ಎಣಿಸಿ. ಏಳು ಎನ್ನುವವರಿದ್ದಾರೆ, ಹತ್ತು ಎನ್ನುವವರೂ ಇದ್ದಾರೆ. ಎಣಿಸುವವರ ಕಿವಿಯ ಮೇಲೂ ಹೊತ್ತಿನ ಮೌನದ ಮೇಲೂ ಅದು ನಿಂತಿದೆ. ಗೋಡೆಯ ಮೇಲೆ ಹೆಸರು ಗೀಚಿದವರ ಸಾಲು ನೋಡಿ ಬೇಸರವಾಗುತ್ತದೆ. ಜೊತೆಗಿರುವ ಮಕ್ಕಳ ಕೈಯಿಂದ ಬೀಗದಕೈ, ಕಾಸುಗಳನ್ನು ಮೊದಲೇ ತೆಗೆದಿಟ್ಟುಕೊಳ್ಳಿ.

ಮೊದಲ ಗುಂಪಿನ ಕೂಗು ಕೇಳಿದೊಡನೆ ಮಾಳಿಗೆಗೆ ಬಂದು ಊರನ್ನು ಒಂದು ಸುತ್ತು ನೋಡಿ ಇಳಿಯಿರಿ. ಕೆಳಗೆ ದಕ್ಷಿಣದ ಬಾಗಿಲ ಮೇಲಿನ ಪಾರ್ಸಿ ಬರಹವನ್ನು ನೋಡದೆ ಹೋಗಬೇಡಿ. ಅದರ ಮೂರು ಭಾಗಗಳಲ್ಲಿ ಪ್ರತಿಯೊಂದರ ಅಕ್ಷರಗಳ ಸಂಖ್ಯಾಬೆಲೆಯನ್ನು ಕೂಡಿದರೂ ಬರುವುದು ಹಿಜರಿ 1067, ಸುಲ್ತಾನ ತೀರಿಕೊಂಡ ವರ್ಷ. ನಮ್ಮ ಲೆಕ್ಕದಲ್ಲಿ 1656. ಓದಲು ಬಾರದವರಿಗೂ ಮೂರು ಖಂಡಗಳಾಗಿ ಒಡೆದ ಆ ರಚನೆ ಕಾಣುತ್ತದೆ.

ಎದುರಿನ ನಗಾರಖಾನೆಯ ಕಟ್ಟಡದಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಅದು ಗುಮ್ಮಟಕ್ಕಿಂತ ತಡವಾಗಿ ತೆರೆಯುತ್ತದೆ, ಶುಕ್ರವಾರ ಮುಚ್ಚಿರುತ್ತದೆ. ನಾನೇ ಒಮ್ಮೆ ಶುಕ್ರವಾರ ಹೋಗಿ ಬೀಗ ನೋಡಿ ಬಂದಿದ್ದೇನೆ. ನಡುವಿನ ಬಿಡುವಿನಲ್ಲಿ ಹೊರಗೆ ಹೋಗಿ ಚಹಾ, ಸುಸಲಾ, ಮಿರ್ಚಿ ಮುಗಿಸಿ ಬನ್ನಿ. ಒಳಗೆ ಆದಿಲ್‌ಶಾಹಿ ಕಾಲದ ಜಮಖಾನೆ, ಚೀನಿ ಪಿಂಗಾಣಿ, ಆಯುಧ, ಹಸ್ತಪ್ರತಿಗಳ ಜೊತೆಗೆ ಸುತ್ತಲಿನ ಊರುಗಳ ವೀರಗಲ್ಲುಗಳೂ ಹಳಗನ್ನಡದ ಶಾಸನಗಳೂ ಇವೆ. ಗಡಿಬಿಡಿಯಿಲ್ಲದೆ ನೋಡಲು ಒಂದು ಗಂಟೆ ಬೇಕು. ರೈಲಿನ ಹೊತ್ತಾಗಿದ್ದರೆ ಅಲ್ಲಿಂದ ನಿಲ್ದಾಣಕ್ಕೆ ಆಟೊ ಹಿಡಿಯಿರಿ, ಹತ್ತು ನಿಮಿಷದ ದಾರಿ. ಬಾದಾಮಿಯ ಕಡೆಗೆ ಹೋಗುವವರು ಬಸ್ ನಿಲ್ದಾಣಕ್ಕೆ ಹೋಗಿ ಬಾಗಲಕೋಟೆಯ ಬಸ್ಸು ಕೇಳಿಕೊಳ್ಳಿ.